ಗೆದ್ದಲಜ್ಜನ ಪೀಠ

ಪೋಪರು ಪೀಠದಿಂದ ಸಾರಿದ ಧರ್ಮಬೋಧನೆ ತಪ್ಪಾಗದು ಎಂದು ಪಾದ್ರಿಗಳು ಪ್ರವಚನ ಮಾಡಿದ್ದನ್ನು ಚರ್ಚಿನ ಗೆದ್ದಲುಗಳು ಕೇಳಿಸಿಕೊಂಡವು. ಕೂಡಲೇ ತಾವು ವಾಸವಿದ್ದ ಹಳೇ ಕುರ್ಚಿಯ ಮೇಲೆ ಹಿರಿಯ ಗೆದ್ದಲಜ್ಜನನ್ನು ಕೂರಿಸಿದವು.

“ಅಜ್ಜಾ, ಇನ್ನು ಇಲ್ಲಿ ಕೂತು ನೀವು ಹೇಳಿದ್ದು ಯಾವುದೂ ತಪ್ಪಾಗುವುದಿಲ್ಲ. ಈ ಕುರ್ಚಿಯನ್ನು ತಿನ್ನಬಹುದೇ?”

ಅಜ್ಜನಿಗೂ ಹಸಿವಾಗಿತ್ತು. “ಧಾರಾಳವಾಗಿ ತಿನ್ನಿ” ಎಂದ.

ವಾರದೊಳಗೆ ಕುರ್ಚಿ ಪುಡಿಪುಡಿಯಾಯಿತು, ಅಜ್ಜ ದೊಪ್ಪನೆ ನೆಲಕ್ಕೆ ಬಿದ್ದ. ಮನೆಯೂ ಹೋಯಿತು, ಊಟವೂ ಮುಗಿಯಿತು. ಎಲ್ಲ ಸೇರಿ ಪಕ್ಕದ ಬೆಂಚಿಗೆ ನುಗ್ಗಿದವು.

ಅಜ್ಜ ಸೊಂಟ ಹಿಡಿದುಕೊಂಡು ಕೂಗಿದ: “ಮಕ್ಕಳೇ, ಅವತ್ತು ನಾನು ಹೇಳಿದ್ದು ತಪ್ಪು! ಈ ಬೆಂಚನ್ನಾದರೂ ಉಳಿಸಿಕೊಳ್ಳಿ!”

ಗೆದ್ದಲುಗಳು ಬೆಂಚು ಕಡಿಯುತ್ತಲೇ ಕೈಮುಗಿದವು. “ಕ್ಷಮಿಸಿ ಅಜ್ಜಾ, ಇದನ್ನು ನೀವು ಕುರ್ಚಿಯ ಮೇಲೆ ಕೂತು ಹೇಳಲಿಲ್ಲವಲ್ಲ!”