ಗುಡಿಸದ ಮನೆಯ ವೀಸಾ

ಒಂದಾನೊಂದು ಊರಿನಲ್ಲಿ, ಯಾವ ಊರು ಎಂದು ಕೇಳಬೇಡಿ, ಹೆಸರು ಹೇಳಿದರೆ ನೀವು ಈಗಲೇ ಹೊರಟುಬಿಡುತ್ತೀರಿ, ಪುಟ್ಟಗೌರಿ ಎಂಬ ಹೆಂಗಸಿದ್ದಳು. ಅವಳಿಗೊಬ್ಬ ಗಂಡ, ಮಾದಯ್ಯ. ಅವರಿಬ್ಬರಿಗೊಬ್ಬಳು ಮಗಳು, ಚೆನ್ನಿ, ಇನ್ನೂ ಹಾಲುಹಲ್ಲು ಬೀಳದ ಕೂಸು. ಸಮುದ್ರದಾಚೆ, ಆಚೆದೇಶದಲ್ಲಿ, ಪುಟ್ಟಗೌರಿಯ ತಂಗಿ ದೇವೀರಿ ದಿನ ತುಂಬಿದ ಬಸುರಿ. ತಾಯಿಯಿಲ್ಲದ ತಂಗಿಗೆ ಬಾಣಂತನ ಮಾಡುವವರು ಅಕ್ಕನಲ್ಲದೆ ಇನ್ಯಾರು?

ಅಂಟಿನುಂಡೆ ಕಟ್ಟಿದ್ದಾಯಿತು. ಮೆಣಸು ಕುಟ್ಟಿದ್ದಾಯಿತು. ಕೂಸಿಗೆ ಸುತ್ತಲು ಹಳೇ ಮೆತ್ತನೆ ಸೀರೆ ಹರಿದು ಮಡಚಿದ್ದಾಯಿತು. ವೀಸಾ ಒಂದು ಬಾಕಿ.

ಆಚೆದೇಶದ ರಾಜನಿಗೆ ಒಂದೇ ಒಂದು ಹೆದರಿಕೆ: ಬಂದ ನೆಂಟರು ಹೋಗದೇ ಉಳಿದುಬಿಟ್ಟರೆ? ತಾನು ಎದ್ದರೆ ಇನ್ಯಾರಾದರೂ ಕೂತುಬಿಟ್ಟಾರೆಂದು ಅವನು ಸಿಂಹಾಸನದಿಂದ ಏಳುತ್ತಲೇ ಇರಲಿಲ್ಲ. ಅವನ ವೀಸಾ ಕಚೇರಿಯಲ್ಲಿ ಒಂದು ಗಾಜು, ಗಾಜಿನಲ್ಲಿ ಒಂದು ತೂತು, ತೂತಿನ ಹಿಂದೆ ಒಂದು ಬಾಯಿ. ಬಾಯಿಯ ಹಿಂದೆ ಮನುಷ್ಯ ಇದ್ದನೋ ಇಲ್ಲವೋ, ನೋಡಿ ಬಂದವರಿಲ್ಲ.

"ಫೋಟೋ?" ಎಂದಿತು ಬಾಯಿ.

ಕೊಟ್ಟಳು.

"ನಗು ಇದೆ."

"ಇಲ್ಲ ಸ್ವಾಮಿ, ನನ್ನ ಮುಖ ಇರೋದೇ ಹಾಗೆ."

"ಇರಲಿ. ವಾಪಸ್ ಬರ್ತೀಯ ಅನ್ನೋದಕ್ಕೆ ಪುರಾವೆ?"

"ಗಂಡ ಇದ್ದಾನೆ."

"ಗಂಡ ಇನ್ನೊಂದು ಮದುವೆ ಆಗಬಹುದು."

"ಮಗಳಿದ್ದಾಳೆ."

"ಬೆಳೆದು ಗಂಡನ ಮನೆಗೆ ಹೋಗ್ತಾಳೆ."

"ಮನೆ ಇದೆ."

"ಬೀಳುತ್ತೆ."

ಪುಟ್ಟಗೌರಿಗೆ ರೇಗಿತು. ರೇಗಿದರೆ ಅವಳ ಬಾಯಿಗೆ ಬೀಗವಿಲ್ಲ. "ಅಯ್ಯೋ, ನಮ್ಮಲ್ಲಿ ಊರಿಗೆ ಹೋದವರ ಹಿಂದೆ ಮನೆ ಗುಡಿಸೋದಿಲ್ಲ ಸ್ವಾಮಿ! ಗುಡಿಸಿದ್ರೆ ಹೋದವರು ಬರಲ್ಲ. ಗುಡಿಸದೆ ಇದ್ರೆ ಬಂದೇ ಬರ್ತಾರೆ. ಇದಕ್ಕಿಂತ ಪುರಾವೆ ಬೇಕಾ?"

ಬಾಯಿ ಅಗಲವಾಯಿತು. ಹಲ್ಲು ಮಾತ್ರ ಕಾಣಿಸಲಿಲ್ಲ. "ಹಾಗಾದರೆ ನೀನು ವಾಪಸ್ ಬರೋವರೆಗೂ ಆ ಮನೆ ಗುಡಿಸಕೂಡದು."

ಕೇಳಿ, ಗುಡಿಸದೆ ಬಿಡುವುದು ಹೋದವರು ಬೀದಿಯ ತಿರುವು ದಾಟುವವರೆಗೆ, ಹೆಚ್ಚೆಂದರೆ ಒಂದು ಹೊತ್ತು. ಅದನ್ನು ಅವಳು ಹೇಳಬೇಕಿತ್ತು. ಹೇಳಿದರೆ ವೀಸಾ ತಪ್ಪೀತೆಂದು ನುಂಗಿಕೊಂಡಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳುತ್ತಾರೆಯೇ?

ಬಾಯಿ ಠಸ್ಸೆ ಒತ್ತಿತು. ಕಚೇರಿಯ ಜವಾನ ಮನೆಗೇ ಬಂದು ಪೊರಕೆಗೆ ಅರಗಿನ ಮುದ್ರೆ ಹಾಕಿದ. "ಪುಟ್ಟಗೌರಿ ಬರೋವರೆಗೆ ಅಲ್ಲಾಡಲ್ಲ," ಎಂದು ಪೊರಕೆ ಜಾಮೀನು ಕೊಟ್ಟಿತು. ಪೊರಕೆ ಮಾತಾಡುತ್ತದೆಯೇ ಎನ್ನುತ್ತೀರಾ? ಸರ್ಕಾರಿ ಮುದ್ರೆ ಬಿದ್ದರೆ ಯಾವುದು ಬೇಕಾದರೂ ಮಾತಾಡುತ್ತದೆ.

ಆಚೆದೇಶದಲ್ಲಿ ದೇವೀರಿ ಗಂಡುಮಗು ಹೆತ್ತಳು. ಅಕ್ಕ ಎಣ್ಣೆ ನೀವಿದಳು, ಬಿಸಿನೀರು ಹೊಯ್ದಳು, ಸಾಂಬ್ರಾಣಿ ಹೊಗೆ ಹಾಕಿದಳು. ಬಿಡುವಾದಾಗ ಮನೆಗೆ ಫೋನು ಮಾಡಿದಳು.

"ಮನೆ ಹೇಗಿದೆ?"

"ಧೂಳು ಕಣೆ. ಪಾದ ಮುಳುಗುತ್ತೆ," ಎಂದ ಮಾದಯ್ಯ.

ಇನ್ನೊಮ್ಮೆ ಮಾಡಿದಳು.

"ನೀನು ಕೂರೋ ಜಾಗದಲ್ಲೇ ಜಾಸ್ತಿ ಸೇರ್ತಾ ಇದೆ. ಒಲೆ ಮುಂದೆ ಒಂದು ಗುಡ್ಡೆ. ಹಾಸಿಗೇಲಿ, ನೀನು ಮಲಗೋ ಕಡೆ, ಒಂದು ಗುಡ್ಡೆ."

"ಒರೆಸಬಾರದಾ!"

"ರೂಲ್ಸು ಅಂದ್ರೆ ರೂಲ್ಸು ಕಣೆ."

ಮತ್ತೊಮ್ಮೆ ಮಾಡಿದಳು. ಗಂಡ ಪಿಸುಗುಟ್ಟಿದ: "ಗುಡ್ಡೆ ಎದ್ದು ಕೂತಿದೆ. ಚೆನ್ನಿಗೆ ಜಡೆ ಹಾಕ್ತಾ ಇದೆ."

ಕಡೆಯ ಸಲ ಫೋನು ಎತ್ತಿದ್ದು ಒಬ್ಬ ಹೆಂಗಸು.

"ಯಾರದು?" ಎಂದಳು ಪುಟ್ಟಗೌರಿ.

"ನಾನು, ಪುಟ್ಟಗೌರಿ."

"ಹಾಗಾದ್ರೆ ನಾನ್ಯಾರು?"

"ನೀನು ಊರಿಗೆ ಹೋದವಳು," ಎಂದಿತು ಅವಳದೇ ದನಿ. ಸ್ವಲ್ಪ ಒಣಗಿತ್ತು, ಅಷ್ಟೇ. ಹಿಂದೆ ಚೆನ್ನಿ ಕೆಮ್ಮುತ್ತಿದ್ದಳು.

ಆ ಕೆಮ್ಮು ಕೇಳಿದ್ದೇ ಪುಟ್ಟಗೌರಿ ಫೋನು ಇಟ್ಟಳು. ತಂಗಿಯ ತಲೆ ಸವರಿ, ಕೂಸಿಗೆ ಮುತ್ತಿಟ್ಟು ಹೊರಟೇಬಿಟ್ಟಳು.

ಊರಿಗೆ ಬಂದರೆ ಮನೆಯ ಬಾಗಿಲು ಮುಚ್ಚಿತ್ತು. ತಟ್ಟಿದಳು. ಬಾಗಿಲು ಬೆರಳಷ್ಟೇ ತೆರೆಯಿತು. ಸಂದಿಯಲ್ಲಿ ಒಂದು ಬೂದುಬಣ್ಣದ ಬಾಯಿ.

"ಯಾರು ಬೇಕಿತ್ತು?"

"ನನ್ನ ಮನೆ ಕಣೇ ಇದು! ಬಾಗಿಲು ತೆಗಿ!"

"ಒಳಗೆ ಬರೋದಕ್ಕೆ ವೀಸಾ ಬೇಕು. ಎಲ್ಲಿಂದ ಬಂದೆ?"

"ಆಚೆದೇಶದಿಂದ."

"ಅಲ್ಲಿಗೆ ವಾಪಸ್ ಹೋಗ್ತೀಯ ಅನ್ನೋದಕ್ಕೆ ಪುರಾವೆ? ಅಲ್ಲಿ ನಿನ್ನ ಹಿಂದೆ ಮನೆ ಗುಡಿಸದೆ ಬಿಟ್ಟಿದ್ದಾರಾ?"

ಪುಟ್ಟಗೌರಿಗೆ ಆಗ ನೆನಪಾಯಿತು. ಆಚೆದೇಶದಲ್ಲಿ ಅವಳು ಹೊಸ್ತಿಲು ದಾಟುವ ಮೊದಲೇ ತಂಗಿಯ ಗಂಡ ಯಂತ್ರ ತಂದು, ಬುಸ್ಸೆಂದು ಮನೆಯ ಕಸವನ್ನೆಲ್ಲ ಹೀರಿಸಿದ್ದ. ಅಲ್ಲಿನವರಿಗೆ ಶಾಸ್ತ್ರ ಎಲ್ಲಿಂದ ಬರಬೇಕು! ಈಗ ಅಲ್ಲಿಗೂ ಹೋಗುವಂತಿಲ್ಲ, ಇಲ್ಲಿಗೂ ಬರುವಂತಿಲ್ಲ.

"ಅವಳು ಹೇಳೋದೂ ಸರಿಯಾಗೇ ಇದೆ ಕಣೆ," ಎಂದ ಮಾದಯ್ಯ ಒಳಗಿನಿಂದ. "ಪುರಾವೆ ಇದ್ರೆ ಕೊಟ್ಬಿಡು." ಚೆನ್ನಿ ಮತ್ತೆ ಕೆಮ್ಮಿದಳು.

ಪುಟ್ಟಗೌರಿ ಜಗಲಿಯ ಮೇಲೆ ಕುಸಿದು ಕೂತು ಅತ್ತಳು. ಅತ್ತು, ಸೆರಗಿನಿಂದ ಮೂಗೊರೆಸಿಕೊಂಡು ನೋಡಿದರೆ ಅದೂ ಗುಡಿಸದ ಜಗಲಿಯೇ. ಕೂತಲ್ಲಿ ಅವಳ ಅಚ್ಚು ಬಿದ್ದಿತ್ತು. ಎದ್ದು ಮತ್ತೆ ಬಾಗಿಲು ತಟ್ಟಿದಳು.

"ಎಲ್ಲಿಂದ ಬಂದೆ?"

"ಜಗಲಿಯಿಂದ."

"ಪುರಾವೆ?"

"ನೋಡ್ಕೋ, ಯಾರೂ ಗುಡಿಸಿಲ್ಲ. ಜಗಲಿಗೇ ವಾಪಸ್ ಹೋಗ್ತೀನಿ."

ಬೂದುಬಾಯಿ ಯೋಚಿಸಿತು. ಧೂಳಿಗೆ ಮೋಸ ಗೊತ್ತಿಲ್ಲ. "ಟೂರಿಸ್ಟ್ ವೀಸಾ ಕೊಡ್ತೀನಿ. ದೀಪ ಹಚ್ಚೋ ಹೊತ್ತಿಗೆ ಹೊರಡಬೇಕು. ಅಡುಗೆಮನೆಗೆ ಹೋಗಕೂಡದು. ಮಗೂನ ಎತ್ಕೋಕೂಡದು."

ಹೀಗೆ ಪುಟ್ಟಗೌರಿ ತನ್ನ ಮನೆಗೇ ಪ್ರವಾಸಿಯಾಗಿ ಒಳಗೆ ಬಂದಳು. ಮಾದಯ್ಯ ಚಾಪೆ ಹಾಸಿದ. ಚೆನ್ನಿ ಎರಡೂ ಕೈಯಲ್ಲಿ ಲೋಟ ಹಿಡಿದು ನೀರು ತಂದುಕೊಟ್ಟಳು. ಧೂಳಿನ ಹೆಂಗಸು ಎದುರು ಕೂತು, "ಪ್ರಯಾಣ ಸುಖವಾಯ್ತಾ?" ಎಂದಳು. ಅವಳ ಜಡೆ ಪುಟ್ಟಗೌರಿಯ ಜಡೆ. ಅವಳ ಮಡಿಲು ಪುಟ್ಟಗೌರಿಯ ಮಡಿಲು. ಚೆನ್ನಿ ಹೋಗಿ ಆ ಮಡಿಲಲ್ಲಿ ಕೂತು ಕೆಮ್ಮಿದಳು. ಒಂದೊಂದು ಕೆಮ್ಮಿಗೂ ಮಡಿಲು ಒಂದಿಷ್ಟು ಹಾರಿ, ಮತ್ತೆ ಬಂದು ಸೇರಿಕೊಳ್ಳುತ್ತಿತ್ತು.

ಆಗ ಮೂಲೆಯಲ್ಲಿ ಟಪ್ಪೆಂದಿತು. ಅರಗಿನ ಮುದ್ರೆ ಬಿಟ್ಟುಕೊಂಡಿತ್ತು.

"ಪುಟ್ಟಗೌರಿ ಬಂದಳು," ಎಂದಿತು ಪೊರಕೆ. "ಟೂರಿಸ್ಟಾಗಿ ಬಂದ್ರೂ ಬಂದಹಾಗೇ. ನನ್ನ ಜಾಮೀನು ತೀರಿತು."

ಇಬ್ಬರು ಪುಟ್ಟಗೌರಿಯರೂ ಪೊರಕೆಯ ಕಡೆ ನೋಡಿದರು. ಊರಿಗೆ ಹೋಗಿ ಬಂದವಳು ಮೊದಲು ಎದ್ದಳು.

"ಗುಡಿಸ್ತೀಯಾ?" ಎಂದಳು ಧೂಳಿನ ಹೆಂಗಸು.

"ಗುಡಿಸ್ತೀನಿ. ನನ್ನ ಮಗು ಕೆಮ್ಮುತ್ತಾ ಇದೆ."

"ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ನಾನು. ಕಷಾಯ ಕುಡಿಸಿದವಳು ನಾನು. ನೀನೆಲ್ಲಿದ್ದೆ?"

ಪುಟ್ಟಗೌರಿಗೆ ನಾಚಿಕೆಯಾಯಿತು. ಆದರೂ ಮಗಳನ್ನು ಪಕ್ಕಕ್ಕೆ ಸರಿಸಿ ಗುಡಿಸಿದಳು.

ಧೂಳಿನ ಹೆಂಗಸು ಓಡಲಿಲ್ಲ. ಮೊದಲು ಪಾದ ಹೋಯಿತು. ಆಮೇಲೆ ಮಡಿಲು ಹೋಯಿತು. ಚೆನ್ನಿಯ ಜಡೆಯ ತುದಿ ಹಿಡಿದಿದ್ದ ಬೆರಳೂ ಹೋಯಿತು. ಬಾಯಿ ಮಾತ್ರ ಕೊನೆಯವರೆಗೂ ಹೇಳುತ್ತಿತ್ತು: "ಮೆಲ್ಲಗೆ ಗುಡಿಸೇ. ಮಗೂಗೆ ಧೂಳಾಗುತ್ತೆ."

ಕಸವೆಲ್ಲ ಹೊಸ್ತಿಲು ದಾಟಿತು. ಗಾಳಿ ಅದನ್ನು ಬೀದಿಯುದ್ದಕ್ಕೂ ಒಯ್ದಿತು. ಚೆನ್ನಿಯ ಕೆಮ್ಮು ನಿಂತಿತು. ಪುಟ್ಟಗೌರಿ ಪೊರಕೆ ಎಸೆದು, ಮಂಡಿಯೂರಿ, ಎರಡೂ ತೋಳು ಚಾಚಿದಳು.

"ಬಾ ಕಂದಾ. ಅಮ್ಮ ಬಂದಿದ್ದೀನಿ."

ಚೆನ್ನಿ ನಿಂತಲ್ಲೇ ನಿಂತಳು. ಬೀದಿಯ ಕಡೆ ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಕಟ್ಟಿಕೊಂಡು, ಬಂದವರ ಹತ್ತಿರ ಹೇಗೆ ಮಾತಾಡಬೇಕೆಂದು ಅಮ್ಮ ಕಲಿಸಿದ್ದಳೋ ಹಾಗೆ ಕೇಳಿದಳು:

"ದೀಪ ಹಚ್ಚೋ ಹೊತ್ತಾಯ್ತು. ನೀವು ಯಾವಾಗ ಹೊರಡ್ತೀರಿ?"

ನೀತಿ ಬೇಕೇ? ಊರಿಗೆ ಹೋದವರ ಹಿಂದೆಯೇ ಗುಡಿಸಬೇಡಿ. ಒಂದು ಹೊತ್ತು ಕಳೆದ ಮೇಲೆ ಗುಡಿಸದೆ ಬಿಡಬೇಡಿ. ಕತೆ ತನ್ನೂರಿಗೆ ಹೋಯಿತು, ನೀವೂ ನಿಮ್ಮ ನಿಮ್ಮ ಮನೆಗೆ ಹೊರಡಿ. ನೀವು ಕೂತ ಈ ಜಾಗವನ್ನು ನಾನು ಆಮೇಲೆ ಗುಡಿಸುತ್ತೇನೆ, ಸ್ವಲ್ಪ ತಡೆದು.