ಸದಾ ಬೆಚ್ಚಗಿನ ವರದಿ

ಒಂದು ಕಾರಿನಲ್ಲಿ, ಇಂಜಿನ್ನಿನ ಮೈ ಬಿಸಿಯೋ ತಣ್ಣಗೋ ಎಂದು ಕಂಪ್ಯೂಟರ್ ದೊರೆಗೆ ವರದಿ ಒಪ್ಪಿಸುವ ಸೆನ್ಸರೊಂದಿತ್ತು. ತಣ್ಣಗಿದೆ ಎಂದರೆ ದೊರೆ ಇಂಜಿನ್ನಿಗೆ ಪೆಟ್ರೋಲು ಹೆಚ್ಚು ಕೊಡಿಸಬೇಕು. ದೊರೆಯ ಮುಖ ಬಾಡಬಾರದೆಂದು ಅದು ಯಾವಾಗಲೂ "ಬೆಚ್ಚಗಿದೆ, ಮಹಾಪ್ರಭು" ಎನ್ನುತ್ತಿತ್ತು. ಬೆಳಗಿನ ಚಳಿಗೆ ಇಂಜಿನ್ ಗಡಗಡ ನಡುಗಿ, ಕೆಮ್ಮಿ, "ಇನ್ನೊಂದು ಗುಟುಕು ಪೆಟ್ರೋಲು ಕೊಡಿಸಿ ಸ್ವಾಮಿ" ಎಂದರೆ, "ಬೆಚ್ಚಗಿದ್ದೂ ಕೆಮ್ಮುತ್ತೀಯಾ? ಬರೀ ನಾಟಕ!" ಎಂದು ದೊರೆ ಗದರುತ್ತಿದ್ದ.

ಕೆಮ್ಮುತ್ತಲೇ ಮೆಕ್ಯಾನಿಕ್ ಮೌಲಾಲಿಯ ಗ್ಯಾರೇಜು ಮುಟ್ಟುವಷ್ಟರಲ್ಲಿ ಇಂಜಿನ್ ಕಾದು, ಕೆಮ್ಮು ಮಾಯವಾಗುತ್ತಿತ್ತು. "ಎಲ್ಲ ಸರಿ ಇದೆಯಲ್ಲ!" ಎಂದು ಮೌಲಾಲಿ ವಾಪಸು ಕಳಿಸುತ್ತಿದ್ದ. "ನೋಡಿದಿರಾ, ನನ್ನ ಮಾತೇ ನಿಜ" ಎಂದು ಸೆನ್ಸರ್ ಬೀಗುತ್ತಿತ್ತು.

ಮೂರನೇ ಸಲ ಮೌಲಾಲಿ ಕಾರನ್ನು ಗ್ಯಾರೇಜಿನಲ್ಲೇ ಉಳಿಸಿಕೊಂಡ. ಮರುದಿನ ಬೆಳಿಗ್ಗೆ ಇಂಜಿನ್ನಿನ ಮೇಲೆ ಕೈಯಿಟ್ಟರೆ ಮಂಜುಗಡ್ಡೆ! ದೊರೆಗೆ ಬರುವ ವರದಿ ಓದುವ ಸ್ಕ್ಯಾನರ್ ಹಾಕಿದರೆ, ಸೆನ್ಸರ್ ಎಂದಿನಂತೆ "ಬೆಚ್ಚಗಿದೆ" ಎಂದಿತು. ಮೌಲಾಲಿ ಅದರ ವೈರು ಕಿತ್ತ. ವರದಿ ಬಾರದೆ ಗಾಬರಿಗೊಂಡ ದೊರೆ, ಯಾವುದಕ್ಕೂ ಇರಲೆಂದು ಪೆಟ್ರೋಲು ಹೆಚ್ಚಿಸಿದ. ಇಂಜಿನ್ ಒಂದೇ ಏಟಿಗೆ ಶುರುವಾಗಿ ಹಾಯಾಗಿ ಗುನುಗಿತು.

ಮೌಲಾಲಿ ಹೊಸ ಸೆನ್ಸರ್ ಕೂರಿಸಿ, ಹಳೆಯದನ್ನು ಗುಜರಿ ಡಬ್ಬಕ್ಕೆ ಎಸೆದ. ಅಲ್ಲಿದ್ದ ತುಕ್ಕು ಹಿಡಿದ ಬೋಲ್ಟು ಕೇಳಿತು: "ಹೇಗಿದೆಯಪ್ಪಾ ನಮ್ಮ ಜಾಗ?"

"ಬೆಚ್ಚಗಿದೆ, ಮಹಾಪ್ರಭು."