ಮಳೆಗಾಲದ ಚೌಕಗಳು

ಕಾಣದ ಆಕಾಶವನ್ನು ಬರೆಯಬಾರದು. ಗುಡ್ಡದ ಮೇಲಿನ ವೀಕ್ಷಣಾಲಯಕ್ಕೆ ಇದ್ದ ನಿಯಮ ಇದೊಂದೇ. ಶಂಭುಲಿಂಗ ಮೇಷ್ಟ್ರೇ ಅದನ್ನು ಗೋಡೆಯ ಮೇಲೆ ಬರೆದಿದ್ದರು. ಒಬ್ಬಳನ್ನು ಬಿಟ್ಟು ಎಲ್ಲರೂ ಮುರಿದರು.

ಅಲ್ಲಿನ ಅಗಲಗಣ್ಣಿನ ಕ್ಯಾಮೆರಾ ಪ್ರತಿ ರಾತ್ರಿ ಇಡೀ ಆಕಾಶದ ಚಿತ್ರ ತೆಗೆಯುತ್ತಿತ್ತು. ಹೊಳಪು ಏರಿಳಿಯುವ ನಕ್ಷತ್ರಗಳನ್ನು ಶಿಷ್ಯರು ಅದರಲ್ಲಿ ಅಳೆದು, ದಿನಕ್ಕೊಂದು ಚೌಕದಲ್ಲಿ ಅಂಕಿ ಬರೆಯಬೇಕು. ಮೋಡವಿದ್ದರೆ ಚೌಕ ಖಾಲಿ.

ಮೇಷ್ಟ್ರದ್ದೆಂದೇ ಹೆಸರಾದ ನಕ್ಷತ್ರ ಒಂದಿತ್ತು. ಹತ್ತೊಂಬತ್ತು ದಿನಕ್ಕೊಮ್ಮೆ ಮಂಕಾಗುತ್ತದೆ ಎಂದು ಮೂವತ್ತು ವರ್ಷದ ಹಿಂದೆ ಹೇಳಿದ್ದರು. ಈಗ ಅದರ ಪುಸ್ತಕ ಅಚ್ಚಿಗೆ ಹೋಗಬೇಕು.

ಶಿಷ್ಯೆ ನೀಲಾಂಬಿಕೆಯ ಮಳೆಗಾಲದ ಹಾಳೆಯಲ್ಲಿ ಮಾತ್ರ ನಲವತ್ತೊಂದು ಚೌಕ ಖಾಲಿ.

"ತುಂಬಿಸಮ್ಮ," ಎಂದ ಹಿರಿಯ ಶಿಷ್ಯ ತ್ರಿವಿಕ್ರಮ. "ಮೋಡದ ಹಿಂದೆ ನಕ್ಷತ್ರ ಎಲ್ಲಿಗೆ ಓಡಿಹೋಗುತ್ತೆ?"

"ಓಡಿಹೋಗಿದ್ರೆ?"

"ಆಗ ನೀನೂ ಗಂಟುಮೂಟೆ ಕಟ್ಟು."

ಎಲ್ಲರೂ ನಕ್ಕರು. ಅವಳು ಮೇಷ್ಟ್ರ ಹತ್ತಿರ ಹೋದಳು.

"ಇವರೆಲ್ಲ ತುಂಬಿಸಿದ್ದಾರೆ ಮೇಷ್ಟ್ರೇ."

ಮೇಷ್ಟ್ರು ಕಪಾಟಿನಿಂದ ತಮ್ಮ ಮೊದಲ ವರ್ಷದ ದಾಖಲೆ ಪುಸ್ತಕ ತೆಗೆದು ಮುಂದಿಟ್ಟರು. ಆಷಾಢ, ಶ್ರಾವಣ. ಒಂದು ಚೌಕವೂ ಖಾಲಿಯಿಲ್ಲ.

"ಆ ವರ್ಷ ಹೊಳೆ ಸೇತುವೆ ಮೇಲೆ ಹರಿದಿತ್ತಂತಲ್ಲ?"

"ಹರಿದಿತ್ತು."

"ಮತ್ತೆ ಈ ಅಂಕಿ?"

"ಹತ್ತೊಂಬತ್ತು ಅಂತ ಊರಿಗೆಲ್ಲ ಹೇಳಿಬಿಟ್ಟಿದ್ದೆ."

"ಖಾಲಿ ಬಿಟ್ಟು ಲೆಕ್ಕ ಹಾಕಿದ್ರೆ ಎಷ್ಟು ಬರುತ್ತೆ?"

"ಮೂವತ್ತು ವರ್ಷದಿಂದ ಹಾಕಿ ನೋಡಿಲ್ಲ."

ಅವಳು ಗೋಡೆಯ ಬರಹದತ್ತ ನೋಡಿದಳು. ಮೇಷ್ಟ್ರು ನೋಡಲಿಲ್ಲ. ಪೆನ್ನು ಮುಂದೆ ತಳ್ಳಿದರು.

"ತುಂಬಿಸು. ನನ್ನ ನಂತರ ಈ ಗುಡ್ಡ ನಿನ್ನದು. ಇಲ್ಲವಾದರೆ ಇವತ್ತೇ ಇಳಿ. ನಿನ್ನ ಏಳು ವರ್ಷದ ಓದಿಗೆ ನಾನು ಸಹಿ ಹಾಕೋದಿಲ್ಲ."

ನೀಲಾಂಬಿಕೆ ಪೆನ್ನು ತೆಗೆದುಕೊಂಡಳು. ಮೊದಲ ಚೌಕದಲ್ಲಿ 'ಮೋಡ' ಎಂದು ಬರೆದಳು. ಎರಡನೆಯದರಲ್ಲೂ ಮೋಡ. ಅವಸರವಿಲ್ಲದೆ, ನಲವತ್ತೊಂದು ಸಲ. ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ಮೇಷ್ಟ್ರ ಮುಂದಿಟ್ಟು, ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ತ್ರಿವಿಕ್ರಮ ಬಾಗಿಲಿಗೆ ಬಂದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ.

"ಕರೀಲಾ ಮೇಷ್ಟ್ರೇ? ಇನ್ನೂ ಕೆಳಗೆ ತಲುಪಿರಲ್ಲ."

"ಬೇಡ. ಬಂದರೆ ಮತ್ತೆ ತುಂಬಿಸು ಅಂತಲೇ ಹೇಳ್ತೀನಿ."